ಎಆರ್‌ಟಿ (ಎಚ್‌ಐವಿ ಚಿಕಿತ್ಸೆಯ) ಮಾತ್ರೆ ತಗೊಳ್ಳುವವರ ಗಮನಕ್ಕೆ

ನಮಸ್ಕಾರ. ಟಿಎಲ್‌ಡಿ ಮಾತ್ರೆ ಒಂದೇ ಆದರೂ ಒಳಗೆ ಮೂರು ಔಷಧಿಗಳಿವೆ. ಟೆನೊಫೊವಿರ್, ಲ್ಯಾಮಿವುಡಿನ್ ಹೊರಗೆ ಹೋಗುವುದು ಕಿಡ್ನಿ ಮೂಲಕ. ಅದಕ್ಕೇ ಕಿಡ್ನಿ ಸರಿಯಿದೆಯಾ ಅಂತ ನೋಡುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸುವುದು. ಮೂರನೆಯದು ಡೊಲುಟೆಗ್ರಾವಿರ್, ಅದನ್ನು ಕರಗಿಸುವುದು ಲಿವರ್. ಇದರದ್ದೊಂದು ತಕರಾರಿದೆ: ಗ್ಯಾಸಿಗೆ ಕುಡಿಯುವ ಗುಲಾಬಿ ಸಿರಪ್ (ಆಂಟಾಸಿಡ್) ಜೊತೆ ಸಿಕ್ಕರೆ ಹೊಟ್ಟೆಯಲ್ಲೇ ಅದಕ್ಕೆ ಅಂಟಿಕೊಂಡು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಸಿರಪ್‌ಗಿಂತ 2 ಗಂಟೆ ಮೊದಲು, ಇಲ್ಲವೇ 6 ಗಂಟೆ ನಂತರ ಮಾತ್ರೆ ನುಂಗಿ.

ವೈರಸ್ಸನ್ನು ಹಿಡಿದು ತಡೆಯುವ ಆಂಟಿಬಾಡಿ ಔಷಧಿ ಮಾತ್ರೆಯಾಗಿ ಯಾಕಿಲ್ಲ ಅಂತ ಒಬ್ಬರು ಕೇಳಿದ್ದರು. ಅದು ಪ್ರೋಟೀನ್. ನುಂಗಿದರೆ ಪಂದಿ ಕರಿಯ ಹಾಗೆ ಜೀರ್ಣವಾಗಿಬಿಡುತ್ತದೆ, ಅಲ್ವಾ! ಹಾಗಾಗಿ ಇಂಜೆಕ್ಷನ್. ರಕ್ತದಲ್ಲಿ ವಾರಗಟ್ಟಲೆ ಉಳಿಯುತ್ತದೆ. ಆದರೆ ಡೊಲುಟೆಗ್ರಾವಿರ್ ಸುಮಾರು 14 ಗಂಟೆಯಲ್ಲೇ ಅರ್ಧಕ್ಕಿಳಿಯುತ್ತದೆ, ಹಾಗಾಗಿ ಒಂದು ದಿನವೂ ಮಾತ್ರೆ ತಪ್ಪಿಸಬೇಡಿ.

ಮಳೆ ಜೋರಾಗುವ ಮುಂಚೆ ಮಡಿಕೇರಿಗೆ ಹೋಗಿ ಮಾತ್ರೆ ತಂದಿಟ್ಟುಕೊಳ್ಳಿ. ಈ ಮೆಸೇಜ್ ಬೇರೆ ಗುಂಪಿಗೆ ಕಳಿಸಬೇಡಿ.