ಮಗಳಿಗೊಂದು ಪತ್ರ: ಆ ನೀಲಿ ಫೈಲು

ಪುಟ್ಟೀ,

ನಿನ್ನ ಬ್ಯಾಗಿನ ತಳದಲ್ಲಿ, ಚಾದರದ ಕೆಳಗೆ, ನಿನ್ನ ಹೃದಯದ ಆಪರೇಷನ್ನಿನ ಕಾಗದಗಳಿರುವ ಆ ನೀಲಿ ಫೈಲು ಇಟ್ಟಿದ್ದೇನೆ. ಪುಣೆಯ ಹಾಸ್ಟೆಲಿನಲ್ಲಿ ಬ್ಯಾಗು ಬಿಚ್ಚಿದಾಗ ಸಿಟ್ಟಾಗಬೇಡ. 14 ವರ್ಷ ಅದನ್ನು ನಾನು ಕಾದೆ, ಡೊಂಬಿವಲಿಯಿಂದ ಪರೇಲಿನ ಆಸ್ಪತ್ರೆಗೆ ಲೋಕಲ್‌ನಲ್ಲಿ, ಮಳೆ ಬಂದರೆ ಅಂಗಿಯೊಳಗೆ ತೂರಿಸಿಕೊಂಡು. ಇನ್ನು ನಿನ್ನದು.

ಮೊದಲ ಕಾಗದ ನೋಡು. ಔಷಧಿ ಚೀಟಿಯ ಹಿಂಬದಿ ಪೆನ್ನಿನಲ್ಲಿ ಬರೆದ ಚಿತ್ರ. ಆಗ ನಿನಗೆ ನಾಲ್ಕು ವರ್ಷ. ಊಟಕ್ಕೆ ಕೂತರೆ ಹಣೆಯಲ್ಲಿ ಬೆವರು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಮನೆ ಹತ್ತಿರದ ಡಾಕ್ಟರು ಒಂದು ವರ್ಷ ಬರೀ ಕೆಮ್ಮಿನ ಔಷಧಿ ಕೊಟ್ಟಿದ್ದರು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ. ಪರೇಲಿನಲ್ಲಿ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿದವರು ಮರಾಠಿಯಲ್ಲಿ "ಝಡಪೇಲಾ ಚೀರ್ ಆಹೆ" ಅಂದರು. ಕವಾಟದಲ್ಲಿ ಸೀಳು ಅಂತೆ ಎಂದು ಕುಂದಾಪುರಕ್ಕೆ ಫೋನ್ ಮಾಡಿದೆ. ಅಜ್ಜಿಗೆ ಕೇಳಿಸಿದ್ದು ಕಪಾಟು. "ಕಪಾಟ್ ಹಾಳಾಯ್ಲಿ, ಮಗು ಹ್ಯಾಂಗಿತ್ತ್ ಹೇಳ್" ಅಂದರು.

ಚಿತ್ರದಲ್ಲಿರುವುದು ಮೈಟ್ರಲ್ ಕವಾಟ. ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ, ಎರಡು ರೆಕ್ಕೆಯ ಬಾಗಿಲು. ನಿನಗೆ ಒಂದು ರೆಕ್ಕೆಯೇ ಹುಟ್ಟುವಾಗಲೇ ಸೀಳಿತ್ತು. ಬಾಗಿಲು ಮುಚ್ಚಿದರೂ ರಕ್ತ ಹಿಂದಕ್ಕೆ ಸೋರುತ್ತಿತ್ತು. ಸಾಲದ್ದಕ್ಕೆ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲೂ ಒಂದು ತೂತು. ಇವೆರಡೂ ಸಾಮಾನ್ಯವಾಗಿ ಜೊತೆಗೇ ಬರುತ್ತವಂತೆ.

ನಾನು ಕೇಳಿದ್ದು ಒಂದೇ: ಕೆಟ್ಟಿದ್ದನ್ನು ತೆಗೆದು ಹೊಸದು ಹಾಕಬಾರದಾ? ಹೋಟೆಲಿನ ಗಲ್ಲಾದಲ್ಲಿ ಕೂತವನ ಬುದ್ಧಿ. ಗ್ರೈಂಡರ್ ಪದೇ ಪದೇ ಕೆಟ್ಟರೆ ಹೊಸದೇ ಲಾಭ ಅಲ್ವಾ? ಸರ್ಜನ್ ನಕ್ಕರು. ಲೋಹದ ಕವಾಟ ಮಗುವಿನ ಜೊತೆ ಬೆಳೆಯುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ವಾರ್ಫರಿನ್ ಮಾತ್ರೆ ನುಂಗಬೇಕು, ಆಗಾಗ ರಕ್ತ ಕೊಟ್ಟು ಪರೀಕ್ಷೆ ಮಾಡಿಸಬೇಕು. ಪ್ರಾಣಿಯ ಅಂಗಾಂಶದ ಕವಾಟವೋ, ಮಕ್ಕಳಲ್ಲಿ ಬೇಗ ಗಡುಸಾಗುತ್ತದೆ. "ಇವಳದ್ದನ್ನೇ ಹೊಲಿಯೋಣ, ಇವಳ ಜೊತೆಗೇ ಬೆಳೆಯಲಿ" ಅಂದರು.

ಹೊಲಿದರು. ಹೃದಯ ನಿಲ್ಲಿಸಿ, ರಕ್ತವನ್ನು ಹೃದಯ, ಶ್ವಾಸಕೋಶದ ಕೆಲಸ ಮಾಡುವ ಮಷಿನಿಗೆ ತಿರುಗಿಸಿ, ಸೀಳಿಗೆ ಹೊಲಿಗೆ ಹಾಕಿದರು. ನಿನ್ನದೇ ಹೃದಯದ ಹೊರಚೀಲದಿಂದ ಒಂದು ತುಂಡು ಕತ್ತರಿಸಿ ತೂತಿಗೆ ತೇಪೆ ಹಚ್ಚಿದರು. ಕೊನೆಗೆ ಸಲೈನ್ ತುಂಬಿಸಿ, ಎಲ್ಲಾದರೂ ಸೋರುತ್ತದಾ ಅಂತ ನೋಡಿದರಂತೆ. ಪಂಕ್ಚರ್ ಅಂಗಡಿಯವನು ಟ್ಯೂಬನ್ನು ನೀರಲ್ಲಿ ಅದ್ದುತ್ತಾನಲ್ಲ, ಹಾಗೆ.

ಆ ಐದು ಗಂಟೆ ನಾನು ಕಾರಿಡಾರಿನಲ್ಲಿ ನಿನ್ನ ಒಂಟಿ ಚಪ್ಪಲಿ ಹಿಡಿದು ಕೂತಿದ್ದೆ. ಇನ್ನೊಂದು ಎಲ್ಲಿ ಹೋಯಿತೋ, ಇವತ್ತಿಗೂ ಗೊತ್ತಿಲ್ಲ.

ಆಮೇಲೊಮ್ಮೆ ಒಂದು ವಿಷಯ ಓದಿದೆ. 1954-55ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ವಾಲ್ಟನ್ ಲಿಲೆಹೈ ಎಂಬ ಸರ್ಜನ್ ಇಂಥ ಆಪರೇಷನ್‌ಗಳಲ್ಲಿ ಮಷಿನ್ ಬದಲು ಮನುಷ್ಯರನ್ನೇ ಬಳಸುತ್ತಿದ್ದರು. ಅದೇ ಗುಂಪಿನ ರಕ್ತದವರು, ಹೆಚ್ಚಾಗಿ ಅಪ್ಪನೋ ಅಮ್ಮನೋ, ಪಕ್ಕದಲ್ಲಿ ಮಲಗಬೇಕು. ಅವರ ತೊಡೆಯ ರಕ್ತನಾಳಕ್ಕೂ ಮಗುವಿಗೂ ಕೊಳವೆ, ನಡುವೆ ಒಂದು ಪಂಪು. ಮಗುವಿನ ಹೃದಯ ಹೊಲಿಯುವಷ್ಟು ಹೊತ್ತು ದೊಡ್ಡವರ ಹೃದಯ, ಶ್ವಾಸಕೋಶವೇ ಇಬ್ಬರಿಗೂ ದುಡಿಯಬೇಕು. ಹೀಗೆ 45 ಮಂದಿಗೆ ಆಪರೇಷನ್ ಆಯಿತು, 28 ಮಂದಿ ಗುಣವಾಗಿ ಮನೆಗೆ ಹೋದರು. ರಕ್ತ ಕೊಟ್ಟವರಲ್ಲಿ ಒಬ್ಬ ತಾಯಿಗೆ ಮಿದುಳಿಗೇ ಪೆಟ್ಟಾಯಿತು.

ಓದಿ ಸುಮ್ನೆ ಕೂತುಬಿಟ್ಟೆ. ಅಮ್ಮನದು ಓ ಗುಂಪು. ನಿನ್ನದೂ ನನ್ನದೂ ಬಿ ಪಾಸಿಟಿವ್. ಆ ಕಾಲವಾಗಿದ್ದರೆ ಪಕ್ಕದ ಮೇಜಿನ ಮೇಲೆ ನಾನೇ. ಹೆದರಿಕೆ ಆಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಚಪ್ಪಲಿ ಹಿಡಿದು ಕೂರುವುದಕ್ಕಿಂತ ಅದೇ ವಾಸಿ ಅನ್ನಿಸಿತು.

ಇನ್ನು ಕೊನೆಯ ಕಾಗದ. ಹೋದ ವರ್ಷದ ಎಕೋ. "ಸ್ವಲ್ಪ ಸೋರಿಕೆ ಇದೆ" ಅಂತ ಬರೆದಿದ್ದಾರೆ. ಅದು ಆಪರೇಷನ್ ಆದಾಗಿನಿಂದ ಅಷ್ಟೇ ಇದೆ. ಜಾಸ್ತಿಯಾದರೆ ಮೊದಲು ಗೊತ್ತಾಗುವುದು ಎಕೋದಲ್ಲೇ, ನಿನಗಲ್ಲ. ಅದಕ್ಕೇ "ಆರಾಮಾಗಿದ್ದೇನಲ್ಲಪ್ಪ" ಎನ್ನುವ ಮಾತು ನಡೆಯುವುದಿಲ್ಲ. ಹಲ್ಲಿನ ಡಾಕ್ಟರ ಹತ್ತಿರ ಹೋದರೆ ಬಾಯಿ ತೆರೆಯುವ ಮೊದಲು ಆಪರೇಷನ್ ವಿಷಯ ಹೇಳು. ಒಸಡಿನ ಸೋಂಕು ರಕ್ತದಲ್ಲಿ ಹೋಗಿ ಕವಾಟಕ್ಕೆ ಅಂಟಬಹುದು.

ಮುಂದಿನ ಎಕೋ ಜೂನ್‌ನಲ್ಲಿ. ತಾರೀಖು ಪೆನ್ಸಿಲಿನಲ್ಲಿ ಬರೆದಿದ್ದೇನೆ. ಪರೀಕ್ಷೆ ಅಡ್ಡ ಬಂದರೆ ನೀನೇ ಬದಲಿಸು.

ನಾನು ಬರಬೇಕಾ ಬೇಡವಾ, ಅದನ್ನೂ ನೀನೇ ಹೇಳು.

ಅಪ್ಪ