ಹೊಸತೊಡಕಿನ ರಾತ್ರಿಯ ಋಣ

ಯುಗಾದಿಯ ಮಾರನೇ ದಿನ, ಹೊಸತೊಡಕಿಗೆ, ನಮ್ಮೂರಲ್ಲಿ ಆಡಿದ ಕುರುಕ್ಷೇತ್ರ ನಾಟಕ ಮುಗಿದು ಇವತ್ತಿಗೆ ಹನ್ನೆರಡು ದಿನ. ಸೀನರಿಯವರು ಪರದೆ ಸುತ್ತಿ ಲಾರಿಗೆ ಹಾಕಿಕೊಂಡು ಅವತ್ತೇ ಹೊರಟರು. ಗುಡಿ ಮುಂದಿನ ಶಾಮಿಯಾನದ ಗುಣಿಗಳಿಗೆ ಮಣ್ಣು ತುಂಬಿದ್ದಾಯಿತು, ಹುಡುಗರು ಅಲ್ಲಿ ಮತ್ತೆ ಕ್ರಿಕೆಟ್ ಶುರು ಮಾಡಿದ್ದಾರೆ. ನನ್ನ ಗಂಟಲು ಇನ್ನೂ ಪೂರ್ತಿ ಬಂದಿಲ್ಲ. ಫೋನ್ ಮಾಡಿದವರ ಜೊತೆ ಸರಿಯಾಗಿ ಮಾತಾಡಲಾಗಲಿಲ್ಲ, ಮೆಸೇಜುಗಳಿಗೆ ಉತ್ತರ ಕೊಡಲಾಗಲಿಲ್ಲ. ಹೇಳಬೇಕಾದ್ದು ಮನಸ್ಸಿನ ತುಂಬ ಇದೆ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಅಣ್ಣನಿಗೆ ಲಕ್ವ ಹೊಡೆದದ್ದು, ಅದು ಹೇಗಾಯಿತು ಅನ್ನುವುದು ನಿಮಗೆಲ್ಲ ಗೊತ್ತು. ಅದನ್ನು ಮತ್ತೆ ಬರೆಯಲ್ಲ. ಮನೆಗೆ ಬಂದಿದ್ದಾನೆ, ಮಾತು ತಿಳಿಯಾಗಿದೆ, ಊಟ ಮಾಡುತ್ತಾನೆ. ಎಡಗೈ ಮಾತ್ರ ನಿಧಾನ.

ನಾನು ಆಸ್ಪತ್ರೆಯಲ್ಲಿದ್ದ ನಾಲ್ಕು ದಿನ ಬೆಳಗ್ಗೆ ಆರಕ್ಕೆ ಡೇರಿ ಬಾಗಿಲು ತೆಗೆದು ಹಾಲು ಅಳೆದ ಹುಡುಗರಿಗೆ, ನಮ್ಮ ದನಗಳಿಗೆ ಮೇವು ಹಾಕಿದ ಪಕ್ಕದ ಮನೆಯವರಿಗೆ, ನಡುರಾತ್ರಿ ಕಾರು ತೆಗೆದ ನಮ್ಮ ಅರ್ಜುನನಿಗೆ, ಮುಂಗಡದ ದುಡ್ಡು ಕೇಳದೆ "ಮೊದಲು ಅಣ್ಣನ ನೋಡ್ಕೊಳ್ಳಿ" ಅಂದ ಸೀನರಿ ಮಾಲೀಕರಿಗೆ, ಕರಪತ್ರದಲ್ಲಿ ಅಣ್ಣನ ಹೆಸರು ಹಾಗೇ ಇರಲಿ ಅಂತ ಹಟ ಹಿಡಿದ ಇಡೀ ತಂಡಕ್ಕೆ ಕೈಮುಗಿಯುತ್ತೇನೆ. ದ್ರೌಪದಿ ಪಾತ್ರಕ್ಕೆ ಮಂಡ್ಯದಿಂದ ಬಂದ ತಾಯಿ ಹಿಂದಿನ ರಾತ್ರಿ ಇನ್ನೊಂದು ಊರಲ್ಲಿ ಬೆಳಗಿನವರೆಗೆ ಪಾತ್ರ ಮಾಡಿ, ಬಸ್ಸಿನಲ್ಲಿ ನಿದ್ದೆ ಮಾಡಿಕೊಂಡು ಬಂದವರು. ನನ್ನ ಮುಖ ನೋಡಿದ್ದೇ, "ನೀವು ನನ್ನ ಕಣ್ಣು ನೋಡ್ಕೊಂಡು ಮಾತಾಡಿ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ" ಅಂದರು. ಹಾಗೇ ನಡೆಸಿಕೊಟ್ಟರು.

ನಮ್ಮ ಕಡೆಯ ಪೌರಾಣಿಕ ನಾಟಕ ನೋಡದವರೂ ಇದನ್ನು ಓದಬಹುದು, ಅವರಿಗಾಗಿ ಒಂದೆರಡು ಮಾತು. ಮಂಡ್ಯ, ತುಮಕೂರು, ಹಾಸನ, ರಾಮನಗರ ಸೀಮೆಯ ಹಳ್ಳಿಗಳಲ್ಲಿ ಹಬ್ಬಕ್ಕೋ ಜಾತ್ರೆಗೋ ಊರಿನವರೇ ಕೂಡಿ ಕುರುಕ್ಷೇತ್ರ ಆಡುತ್ತೇವೆ. ರಾತ್ರಿ ಒಂಬತ್ತಕ್ಕೆ ಗಣಪತಿ ಪ್ರಾರ್ಥನೆ ಆದರೆ ಮಂಗಳ ಹಾಡುವುದು ಹೊತ್ತು ಹುಟ್ಟಿದ ಮೇಲೆ. ಪಾತ್ರಧಾರಿಗಳಿಗೆ ಯಾರೂ ಸಂಬಳ ಕೊಡಲ್ಲ. ಪಾತ್ರಕ್ಕೆ ಇಷ್ಟು ಅಂತ ನಾವೇ ದುಡ್ಡು ಹಾಕುತ್ತೇವೆ, ಕೃಷ್ಣ ದುರ್ಯೋಧನರದ್ದು ಹೆಚ್ಚು, ದೂತನದ್ದು ಕಡಿಮೆ. ಆ ದುಡ್ಡಲ್ಲೇ ಸೀನರಿ, ಮೈಕು, ಬಣ್ಣ, ತಬಲ, ಕ್ಯಾಷಿಯೋ, ಸ್ತ್ರೀಪಾತ್ರದವರು, ಮೇಷ್ಟ್ರು ಎಲ್ಲ ಆಗಬೇಕು. ಹವ್ಯಾಸಿ ರಂಗಭೂಮಿ ಅಂದರೆ ಪಟ್ಟಣದ ತಂಡಗಳನ್ನೇ ನೆನೆಯುತ್ತಾರೆ. ಹಗಲೆಲ್ಲ ತೆಂಗಿಗೆ ನೀರು ಕಟ್ಟಿ, ರಾತ್ರಿ ಕೂತು ಕಂದಪದ್ಯ ಕಲಿಯುವ ನಮ್ಮವರಿಗಿಂತ ದೊಡ್ಡ ಹವ್ಯಾಸಿಗಳು ಯಾರಿದ್ದಾರೆ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಅಣ್ಣ ಹದಿನೇಳು ವರ್ಷದಿಂದ ನಮ್ಮೂರ ದುರ್ಯೋಧನ. ನಾನು ವಿದುರ. ಮಿಕ್ಕ ಹೊತ್ತಲ್ಲಿ ಪಕ್ಕದ ಪರದೆ ಹಿಂದೆ ಪುಸ್ತಕ ಹಿಡಿದು ಮಾತು ಎತ್ತಿಕೊಡುವವನು.

ಇನ್ನು ಮೇಷ್ಟ್ರ ವಿಷಯ.

ಹಾರ್ಮೋನಿಯಂ ಮೇಷ್ಟ್ರು ಗುಬ್ಬಿ ಕಡೆಯವರು, ಎಪ್ಪತ್ತು ದಾಟಿದೆ. 1884ರಲ್ಲಿ ಅವರ ಸೀಮೆಯಲ್ಲಿ ಹುಟ್ಟಿದ ನಾಟಕ ಕಂಪನಿ, ಗುಬ್ಬಿ ವೀರಣ್ಣನವರ ಕಾಲಕ್ಕೆ ಕುರುಕ್ಷೇತ್ರದ ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದಿತ್ತು. ಅದನ್ನು ಕಂಡು ಬಂದ ಅವರ ತಂದೆ ಮನೆಯಲ್ಲಿ ಹಾಡಿಕೊಳ್ಳುತ್ತಿದ್ದ ಹಾಡುಗಳಿಂದ ಮೇಷ್ಟ್ರ ಪಾಠ ಶುರುವಾಯಿತಂತೆ. ಊರಿಂದ ಊರಿಗೆ ಹೋಗಿ, ಮೂರು ತಿಂಗಳು ಅಲ್ಲೇ ಇದ್ದು, ಅಕ್ಷರ ಬಾರದವನ ಬಾಯಲ್ಲೂ ವೃತ್ತ ಹೇಳಿಸುವುದು ಅವರ ಕಸುಬು. ಅವರ ಹಾರ್ಮೋನಿಯಂ ಪೆಟ್ಟಿಗೆಯ ಒಂದು ಬಿಳಿ ಮನೆ, ಅಂದರೆ ಬೆರಳಿಡುವ ಕೀಲಿ, ಒತ್ತಿದರೆ ಮೇಲೇಳುತ್ತಿರಲಿಲ್ಲ. ಔಷಧಿ ಚೀಟಿಗೆ ಸುತ್ತುವ ಕೆಂಪು ರಬ್ಬರ್ ಬ್ಯಾಂಡ್ ಒಂದನ್ನು ಒಳಗೆ ಬಿಗಿದಿದ್ದರು. ಅವರು ನುಡಿಸುವಾಗ ಆ ಮನೆಯ ಮೇಲೆ ಬೆರಳು ಒಂಚೂರು ಹಗುರಾಗುವುದನ್ನು ಇಷ್ಟು ವರ್ಷ ನೋಡಿದ್ದೇನೆ.

ಆ ರಾತ್ರಿ, ಅಂದರೆ ಹೊಸತೊಡಕಿಗೆ ಇನ್ನು ಒಂಬತ್ತು ದಿನ ಇರುವಾಗ, ಪ್ರಾಕ್ಟೀಸ್ ಅರ್ಧಕ್ಕೆ ನಿಂತಿತು. ಕಾರಿನ ಹಿಂದಿನ ಸೀಟಲ್ಲಿ ಅಣ್ಣನ ತಲೆ ಅತ್ತಿಗೆಯ ತೊಡೆ ಮೇಲೆ, ಕಾಲು ನನ್ನ ತೊಡೆ ಮೇಲೆ. ಮುಂದಿನ ಸೀಟಲ್ಲಿ ಮೇಷ್ಟ್ರು. ಅವರನ್ನು ಯಾರೂ ಕರೆದಿರಲಿಲ್ಲ. ತಾವೇ ಬಾಗಿಲು ತೆಗೆದು ಕೂತರು, ಹೆಗಲ ಮೇಲೆ ಯಾವಾಗಲೂ ಇರುವ ಟವೆಲ್ ಕೂಡ ಇರಲಿಲ್ಲ. ನಾಗಮಂಗಲದಿಂದ ಮೈಸೂರಿನವರೆಗೂ ಒಂದು ಮಾತಾಡಲಿಲ್ಲ. ಪಾಂಡವಪುರದ ಹತ್ತಿರ ಕುಂತಿಬೆಟ್ಟ ಕತ್ತಲಿಗಿಂತ ಕಪ್ಪಗೆ ಕಂಡಿತು. ದುರ್ಯೋಧನನನ್ನು ಮಲಗಿಸಿಕೊಂಡು ಪಾಂಡವರ ಹೆಸರಿನ ಊರು ದಾಟುತ್ತಿದ್ದೇವೆ ಅನ್ನುವುದು ಆಗ ಹೊಳೆಯಲಿಲ್ಲ. ಈಗ ಆ ದಾರಿ ನೆನೆದರೆ ಅದೇ ಕಣ್ಣಿಗೆ ಬರುತ್ತದೆ.

ಆಸ್ಪತ್ರೆಯಲ್ಲಿ ಒಳಗೆ ಒಬ್ಬರಿಗೇ ಜಾಗ. ಅತ್ತಿಗೆ ಒಳಗೆ ಹೋದರು. ನಾನು ಮೇಷ್ಟ್ರು ಹೊರಗೆ ಹೊಂಗೆಮರದ ಕೆಳಗಿನ ಸಿಮೆಂಟ್ ಕಟ್ಟೆ ಮೇಲೆ ಕೂತೆವು. ಸುತ್ತ ನಮ್ಮ ಹಾಗೇ ಬಂದವರು ಚಾಪೆ ಹಾಸಿ ಮಲಗಿದ್ದರು.

ಮುಂದಿನದನ್ನು ಬರೆಯದೆ ಬಿಟ್ಟರೆ ಈ ಬರಹ ಸುಳ್ಳಾಗುತ್ತದೆ. ರಾತ್ರಿ ಎರಡರ ಹೊತ್ತಿಗೆ ನಾನು ಅವರ ಮೇಲೆ ಹರಿಹಾಯ್ದೆ. ಮೂರು ತಿಂಗಳು ರಾತ್ರಿ ಒಂದು ಗಂಟೆವರೆಗೆ ನಿದ್ದೆಗೆಡಿಸಿದಿರಿ, ಬಿಪಿ ಇರುವ ಮನುಷ್ಯನ ಕೈಲಿ ಏರುಶ್ರುತಿಯಲ್ಲಿ ಕೂಗಿಸಿದಿರಿ, ನಿಮ್ಮ ನಾಟಕಕ್ಕೆ ನಮ್ಮಣ್ಣ ಬಲಿಯಾದ ಅಂದೆ. ಇನ್ನೂ ಕೆಟ್ಟದಾಗಿ ಅಂದೆ. ಮಲಗಿದ್ದವರು ಎದ್ದು ನೋಡಿದರು. ತಂದೆಯ ವಯಸ್ಸಿನವರನ್ನು ನಾಲ್ಕು ಜನರ ಮುಂದೆ ಹಾಗೆ ಅಂದಿದ್ದಕ್ಕೆ ನಾಲ್ಕು ಜನರ ಮುಂದೆಯೇ ಕ್ಷಮೆ ಕೇಳಬೇಕು. ಮೇಷ್ಟ್ರೇ, ತಪ್ಪಾಯಿತು. ಅಣ್ಣನನ್ನು ಕಳೆದುಕೊಳ್ಳುತ್ತೀನಿ ಅನ್ನುವ ಭಯಕ್ಕೆ ಕೈಗೆ ಸಿಕ್ಕಿದವರು ನೀವೊಬ್ಬರೇ ಆಗಿದ್ದಿರಿ.

ಅವರು ತಿರುಗಿ ಒಂದು ಮಾತಾಡಲಿಲ್ಲ. ಎದ್ದು ಗೇಟಿನ ಕಡೆ ನಡೆದರು. ಹೊರಟೇ ಹೋದರು ಅಂದುಕೊಂಡೆ. ಕಾಲು ಗಂಟೆ ಆದ ಮೇಲೆ ಎರಡು ಪೇಪರ್ ಲೋಟದಲ್ಲಿ ಟೀ ಹಿಡಿದು, ಬಗಲಲ್ಲಿ ಒಂದು ಬನ್ನು ಇಟ್ಟುಕೊಂಡು ವಾಪಸ್ ಬಂದರು. ಬನ್ನು ಮುರಿದು ದೊಡ್ಡ ತುಂಡು ನನ್ನ ಕೈಗಿಟ್ಟರು. "ಕುಡಿ, ಬಿಸಿ ಅದೆ" ಅಂದರು. ಅಷ್ಟೇ.

ಬೆಳಗಿನ ಜಾವ ನಾನೇ ಹೇಳಿದೆ, ನಾಟಕ ನಿಲ್ಲಿಸಿಬಿಡೋಣ ಮೇಷ್ಟ್ರೇ ಅಂತ. "ಬ್ಯಾಡ ಅಂದ್ರೆ ಬ್ಯಾಡ ಕಣಪ್ಪ. ನಿಮ್ಮಣ್ಣನ್ನ ಒಂದ್ ಮಾತು ಕೇಳು." ಏಳು ಗಂಟೆಗೆ ಒಳಗೆ ಬಿಟ್ಟರು. ಅಣ್ಣನ ನಾಲಿಗೆ ತೊದಲುತ್ತಿತ್ತು. ಎರಡೇ ಪದ ಕೇಳಿದ. "ಗದೆ ಯಾರ್ಗೆ?"

ಹೊರಗೆ ಬಂದು ಹೇಳಿದೆ. ಮೇಷ್ಟ್ರು ಅಂಗಿಯ ಚುಂಗಿನಿಂದ ಮುಖ ಮುಚ್ಚಿಕೊಂಡು ಸ್ವಲ್ಪ ಹೊತ್ತು ಹಾಗೇ ಕೂತರು. ಆಮೇಲೆ ಮೂಗು ಒರೆಸಿಕೊಂಡು, "ಹದಿನೇಳು ವರ್ಸ ಅವನ ಮಾತ್ನೆಲ್ಲ ಎತ್ತಿಕೊಟ್ಟವ್ನು ನೀನು. ನಿಂಗ್ ಬರ್ದೆ ಇನ್ಯಾರ್ಗೆ ಬತ್ತದೆ? ಕೂತ್ಕೊ" ಅಂದರು. ಬಲಗೈ ಬೆರಳುಗಳನ್ನು ತಮ್ಮ ಮೊಣಕಾಲಿನ ಮೇಲೆ ಮನೆಗಳ ಹಾಗೆ ಇಟ್ಟುಕೊಂಡು, ಬಾಯಲ್ಲೇ ಷಡ್ಜ ಹಿಡಿದರು. ಮೊದಲ ಕಂದಪದ್ಯವನ್ನು ನಾನು ಪಿಸುಮಾತಿನಲ್ಲಿ ಹಾಡಿದ್ದು ಆ ಕಟ್ಟೆ ಮೇಲೆ. ಚಾಪೆ ಮೇಲೆ ಮಗುವಿಗೆ ಹಾಲು ಕುಡಿಸುತ್ತಿದ್ದ ಹೆಣ್ಣುಮಗಳೊಬ್ಬಳು ಈ ಕಡೆ ತಿರುಗಿ ಕೇಳಿಸಿಕೊಂಡಳು. ಆ ತಾಯಿಯ ಹೆಸರು ಕೇಳಲಿಲ್ಲ, ಅವಳ ಮನೆಯವರಿಗೂ ಒಳ್ಳೆಯದಾಗಿರಲಿ.

ಅಣ್ಣನ ಶ್ರುತಿ ಕಪ್ಪು ಎರಡು, ಅಂದರೆ ಪೆಟ್ಟಿಗೆಯ ಎರಡನೇ ಕಪ್ಪು ಮನೆ. ನನಗೆ ಅದು ಎಟುಕುವುದಿಲ್ಲ. ಮೇಷ್ಟ್ರು ದುರ್ಯೋಧನನ ಅಷ್ಟೂ ಹಾಡುಗಳನ್ನು ಬಿಳಿ ಒಂದಕ್ಕೆ ಇಳಿಸಿದರು. ಕೇಳುವವರಿಗೆ ಇದು ದೊಡ್ಡದಾಗಿ ಕಾಣದು, ನುಡಿಸುವವರಿಗೆ ಮಾತ್ರ ಪ್ರತಿ ಹಾಡಿನ ಬೆರಳ ನಡೆಯೇ ಬೇರೆಯಾಗುತ್ತದೆ. ಮೇಲಾಗಿ ಕೃಷ್ಣಸಂಧಾನದಲ್ಲಿ ಕೃಷ್ಣನ ಪದ ಒಂದು ಶ್ರುತಿ, ದುರ್ಯೋಧನನ ಪದ ಇನ್ನೊಂದು; ಎರಡರ ನಡುವೆ ಮಾತಿನ ಮರೆಯಲ್ಲಿ ದಾಟಿಕೊಳ್ಳಬೇಕು. ಐವತ್ತು ವರ್ಷ ಒಂದು ದಾರಿಯಲ್ಲಿ ನಡೆದ ಬೆರಳುಗಳನ್ನು ಎಂಟು ದಿನದಲ್ಲಿ ಬೇರೆ ದಾರಿಗೆ ತಿರುಗಿಸಿದರು. ನಾನು ಊರಿಗೆ ವಾಪಸಾದ ಮೇಲೆ ಬೆಳಗ್ಗೆ ಡೇರಿಗೂ ಬಂದು ಕೂರುತ್ತಿದ್ದರು. ಒಬ್ಬರ ಹಾಲು ಅಳೆದು ಇನ್ನೊಬ್ಬರ ಕ್ಯಾನು ಬರುವ ಸಂದಿನಲ್ಲಿ ಒಂದು ಮಾತು ಹೇಳಿಸುತ್ತಿದ್ದರು. ಹಾಲು ಹಾಕಲು ಬಂದವರೂ ಸಾಲಲ್ಲಿ ನಿಂತು ಕಾಯುತ್ತಿದ್ದರು, ಯಾರೂ ಬೇಗ ಅಳಿ ಅನ್ನಲಿಲ್ಲ. ಪ್ರಾಕ್ಟೀಸಿಗೆ ಮಾತ್ರ ರಾತ್ರಿ ಹತ್ತಕ್ಕೆ ಪೆಟ್ಟಿಗೆ ಮುಚ್ಚುತ್ತಿದ್ದರು. ಯಾಕೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹೊಸತೊಡಕಿನ ಸಂಜೆ ಬಣ್ಣದವರು ಆಗಲೇ ಕೆಲಸ ಶುರು ಮಾಡಿದ್ದರು. ಹೊರಗೆ ಯಾರೋ "ಚಂದ್ರ ಕಾಣ್ತು" ಅಂದರು. ಎಲ್ಲರೂ ಇದ್ದ ಹಾಗೇ ಎದ್ದು ಬಂದೆವು. ಒಂದೇ ಕಡೆ ಮೀಸೆ ಅಂಟಿಸಿಕೊಂಡ ಭೀಮ, ಮುಖಕ್ಕೆ ನೀಲಿ ಬಳಿದು ಕೈ ಬಿಟ್ಟ ಕೃಷ್ಣ, ಲುಂಗಿಯ ಮೇಲೆ ಭುಜಕೀರ್ತಿ ಕಟ್ಟಿದ ಕರ್ಣ. ತೆಂಗಿನ ಗರಿಗಳ ಸಂದಿಯಲ್ಲಿ ಉಗುರಿನಷ್ಟು ಚಂದ್ರ. ಚಂದ್ರನನ್ನು ನೋಡಿದ ಮೇಲೆ ಹಿರಿಯರ ಕಾಲಿಗೆ ಬೀಳುವುದು ನಮ್ಮ ಪದ್ಧತಿ. ಪ್ರತಿ ವರ್ಷ ಅಪ್ಪನ ಫೋಟೋಗೆ, ಆಮೇಲೆ ಅಣ್ಣನಿಗೆ. ಈ ಸಲ ಮೇಷ್ಟ್ರ ಕಾಲು ಹಿಡಿದೆ. ನನ್ನ ಹಣೆಯ ಬಣ್ಣ ಅವರ ಪಾದಕ್ಕೆ ಅಂಟಿತು. ಅವರು ಅದನ್ನು ಒರೆಸಿಕೊಳ್ಳದೆ ಹಾಗೇ ಹೋಗಿ ಪೆಟ್ಟಿಗೆ ಮುಂದೆ ಕೂತರು.

ನಾಟಕ ಹೇಗಾಯಿತು ಅಂತ ನಾನು ಹೇಳಬಾರದು, ನೋಡಿದವರು ಹೇಳಬೇಕು. ಸಂಧಾನದಲ್ಲಿ ಒಂದು ಮಾತು ಪೂರ್ತಿ ಮರೆತೆ. ನಮ್ಮ ಕೃಷ್ಣ ಆ ಮಾತನ್ನೇ ಪ್ರಶ್ನೆ ಮಾಡಿ ನನ್ನ ಬಾಯಿಗೆ ಇಟ್ಟ, ಆ ಉಪಕಾರ ಮರೆಯಲ್ಲ. ಬಹುಮಾನ ಕೊಟ್ಟ ಎಲ್ಲರ ಹೆಸರನ್ನೂ ಮೈಕಿನಲ್ಲಿ ಕೂಗಿದ್ದಾರೆ. ಕೂಗಿಸಿಕೊಳ್ಳದೆ ಕೊಟ್ಟವರೊಬ್ಬರಿದ್ದಾರೆ. ಮೇಲಿನ ಬೀದಿಯ ಅಜ್ಜಿ ರಂಗದ ಪಕ್ಕದ ಏಣಿ ಹತ್ತಿ ಬಂದು, ಎಲೆಅಡಿಕೆ ಚೀಲದಿಂದ ನಾಲ್ಕು ಮಡಿಕೆಯ ಹತ್ತು ರೂಪಾಯಿ ತೆಗೆದು, "ಇದು ನಿಮ್ಮಣ್ಣಂಗೆ ಕನ ಮಗ" ಅಂತ ನನ್ನ ಅಂಗೈಲಿಟ್ಟು ಬೆರಳು ಮಡಿಸಿದರು. ಆ ನೋಟು ಅಣ್ಣನ ದಿಂಬಿನ ಕೆಳಗಿದೆ.

ದುರ್ಯೋಧನ ತೊಡೆ ಮುರಿದು ಬೀಳುವಾಗ ಬೆಳಗಿನ ಐದು ಗಂಟೆ. ಬಿದ್ದವನ ಕೆನ್ನೆ ಹಲಗೆಗೆ ತಾಗಿರುತ್ತದೆ. ರಂಗದ ಕೆಳಗೆ ಕೂತ ಹಾರ್ಮೋನಿಯಂನವರ ಮುಖ ಆಗ ಸರಿಯಾಗಿ ಕಣ್ಣೆದುರಿಗೆ ಬರುತ್ತದೆ. ಅಣ್ಣ ಇದನ್ನು ಒಮ್ಮೆಯೂ ಹೇಳಿರಲಿಲ್ಲ. ಕೊನೆಯ ಹಾಡು ಸಿಂಧುಭೈರವಿ. ಮೊದಲ ಸಾಲು ಹಾಡಿದೆ, ಎರಡನೆಯದಕ್ಕೆ ಗಂಟಲು ಕಟ್ಟಿತು. ಮರೆತದ್ದಲ್ಲ. ಹಲಗೆಯ ಮೇಲೆ ಹಾಗೆ ಬಿದ್ದಾಗ ನನ್ನ ಕಣ್ಣಿಗೆ ಅಣ್ಣ ಕಂಡ. ಮೇಷ್ಟ್ರು ತಬಲದವರಿಗೆ ಕೈ ತೋರಿಸಿ ನಿಲ್ಲಿಸಿದರು. ಬೆರಳು ಷಡ್ಜದ ಮೇಲೆ ಬಿಟ್ಟು, ತಿದಿ ಮಾತ್ರ ಹಾಕುತ್ತಾ ಕೂತರು. ಅವಸರ ಮಾಡಲಿಲ್ಲ. ಎಷ್ಟು ಹೊತ್ತು ಅಂತ ನನಗೆ ಗೊತ್ತಿಲ್ಲ. ಜನ ಕೆಮ್ಮಲಿಲ್ಲ ಕೂಡ. ಆ ಶ್ರುತಿ ನನ್ನ ಎದೆಗೆ ತಾಗಿಕೊಂಡೇ ಇತ್ತು. ಆಮೇಲೆ ಅವರು ತಲೆ ಆಡಿಸಿದರು, ನಾನು ಹಾಡಿದೆ. ಅಷ್ಟು ದೂರದಲ್ಲಿ ಅಣ್ಣ ಎಚ್ಚರವಿದ್ದ. ಮಗಳು ಫೋನ್ ಹಿಡಿದಿದ್ದಳು, ಪೂರ್ತಿ ಕೇಳಿಸಿಕೊಂಡನಂತೆ.

ಮೇಷ್ಟ್ರು ಮೊನ್ನೆ ಊರಿಗೆ ಹೊರಟರು, ಪೆಟ್ಟಿಗೆ ಬಿಟ್ಟು ಹೊರಟರು. ಮುಂದಿನ ಹಳ್ಳಿಗೆ ಬೇರೆ ಪೆಟ್ಟಿಗೆ ಯಾರದ್ದಾದರೂ ಇಸಿದುಕೊಳ್ಳುತ್ತಾರಂತೆ. ನಾವೆಷ್ಟು ಹೇಳಿದರೂ ಕೇಳಲಿಲ್ಲ. "ಎಡಗೈಗೆ ಕೆಲ್ಸ ಕೊಡಿ ಅಂದವ್ರೆ ಡಾಕ್ಟ್ರು. ತಿದಿ ಹಾಕ್ಲಿ" ಅಂದರು.

ನಿನ್ನೆ ಸಂಜೆ ಅಣ್ಣನನ್ನು ಮಂಚದ ಅಂಚಿಗೆ ಕೂರಿಸಿ, ಪೆಟ್ಟಿಗೆಯನ್ನು ಸ್ಟೂಲಿನ ಮೇಲೆ ಇಟ್ಟೆವು. ಅವನ ಎಡ ಅಂಗೈಯನ್ನು ಅತ್ತಿಗೆ ತಿದಿಯ ಮೇಲೆ ಇಟ್ಟರು. ಬಲಗೈ ಬೆರಳನ್ನು ಅವನೇ ಒಂದು ಮನೆಯ ಮೇಲೆ ಇಟ್ಟುಕೊಂಡ. ಒಂದು ಸಲ ನೂಕಿದ, ಏನೂ ಬರಲಿಲ್ಲ. ಇನ್ನೊಂದು ಸಲ, ಬರೀ ಗಾಳಿ. ಮೂರನೇ ಸಲಕ್ಕೆ ಸಣ್ಣಗೆ ನಾದ ಬಂತು, ನಡುಗುತ್ತಾ, ಒಂದು ಉಸಿರಿನಷ್ಟು. ಮೇಷ್ಟ್ರು ಫೋನಿನಲ್ಲಿದ್ದರು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ.

"ಕಪ್ಪು ಎರಡು" ಅಂದರು.