ಕೆರೆ ಏರಿಯ ಕಲ್ಲಿಗೂ ಅಂಕ ಸಿಗಲಿ: ಶಿಕ್ಷಣ ಸಚಿವರಿಗೆ ಒಬ್ಬ ಸಮಾಜ ಮೇಷ್ಟ್ರ ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,

ನಮಸ್ಕಾರ ಸರ್.

ನಾನು ಹಾಸನ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. 19 ವರ್ಷದಿಂದ ಎಂಟು, ಒಂಬತ್ತು, ಹತ್ತನೇ ತರಗತಿಗೆ ಇದನ್ನೇ ಹೇಳಿಕೊಡುತ್ತಿದ್ದೇನೆ. ನಿಮ್ಮಲ್ಲಿ ಒಂದು ಕೋರಿಕೆ ಇದೆ. ಎಸ್‌ಎಸ್‌ಎಲ್‌ಸಿ ಸಮಾಜ ವಿಜ್ಞಾನದಲ್ಲಿ ಆಂತರಿಕ ಮೌಲ್ಯಮಾಪನಕ್ಕೆ 20 ಅಂಕ ಇದೆಯಲ್ಲ, ಅದರಲ್ಲಿ 10 ಅಂಕವನ್ನು ಮಕ್ಕಳು ತಮ್ಮ ಊರಿನ ಬಗ್ಗೆ ನೋಡಿ, ಕೇಳಿ, ಓಡಾಡಿ ಬರೆಯುವ ಕೆಲಸಕ್ಕೆ ಮೀಸಲಿಡಿ. ಯಾಕೆ ಕೇಳುತ್ತಿದ್ದೇನೆ ಅಂತ ಹೇಳುತ್ತೇನೆ.

ಹೋದ ವರ್ಷ ಹತ್ತನೇ ಕ್ಲಾಸಿನಲ್ಲಿ ನಕ್ಷೆ ಅಭ್ಯಾಸ ಮಾಡಿಸುತ್ತಿದ್ದೆ. ಭಾರತದ ನಕ್ಷೆ ಬರೆದು ಸ್ಥಳ ಗುರುತಿಸಿದರೆ 5 ಅಂಕ. ಪಾಸಾಗುವುದೇ ಕಷ್ಟ ಅನ್ನುವ ಮಕ್ಕಳಿಗೂ ಇದು ಕೈಗೆ ಸಿಗುವ ಅಂಕ. ಹಾಗಾಗಿ ನಮ್ಮ ಪಾಸಿಂಗ್ ಪ್ಯಾಕೇಜಿನ ಮೊದಲ ಹಾಳೆಯೇ ಇದು. ಭಾಕ್ರಾ ನಂಗಲ್ ಎಲ್ಲಿ, ಹಿರಾಕುಡ್ ಎಲ್ಲಿ ಅಂದರೆ ಪಟಪಟನೆ ಚುಕ್ಕೆ ಇಡುತ್ತಾರೆ. ಹಿರಾಕುಡ್ ಯಾವ ನದಿಗೆ ಅಂತ ಕೇಳಿದೆ. ಮಹಾನದಿ ಅಂತ ಇಡೀ ಕ್ಲಾಸು ಕೂಗಿತು. ಆಮೇಲೆ ಸುಮ್ನೆ ಕೇಳಿದೆ, ನಮ್ಮ ಗೊರೂರು ಡ್ಯಾಮು? ಹೇಮಾವತಿ ಅಂತ ಮೂರು ನಾಲ್ಕು ಜನ ಅಂದರು. ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗಿ, ವರ್ಷವೆಲ್ಲ ಬಾಯಿ ಬಿಡದವಳು, ಮೆಲ್ಲಗೆ ಹೇಳಿದಳು: "ಸರ್, ನಮ್ಮಜ್ಜಿ ಊರು ಅದರೊಳಗೇ ಇದೆ."

ಕೇಳಿದ್ದಕ್ಕೆ ಒಂದೊಂದಾಗಿ ಹೇಳಿದಳು. ಊರು ಬಿಡುವಾಗ ಮನೆ ಬಾಗಿಲು, ತೊಲೆ ಎಲ್ಲ ಬಿಚ್ಚಿ ಎತ್ತಿನ ಗಾಡಿಗೆ ಹೇರಿಕೊಂಡು ಬಂದರಂತೆ. ಈಗಿನ ಮನೆಯ ಮುಂಬಾಗಿಲು ಅದೇ ಅಂತೆ. ಬೇಸಿಗೆಯಲ್ಲಿ ನೀರು ಇಳಿದಾಗ ಅಜ್ಜಿ ಈಗಲೂ ಹೋಗಿ ತಮ್ಮ ಕಣ ಇದ್ದ ಜಾಗ ನೋಡಿಕೊಂಡು ಬರುತ್ತಾರಂತೆ. ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿ ಚರ್ಚನ್ನು ನೋಡೋಕೆ ಬೆಂಗಳೂರಿನಿಂದ ಜನ ಕಾರು ಮಾಡಿಕೊಂಡು ಬರುತ್ತಾರೆ. ಅದೇ ನೀರಿನಡಿ ಹೋದ ಊರೊಂದರ ಮೊಮ್ಮಗಳು ನನ್ನ ಕ್ಲಾಸಿನಲ್ಲಿ ಕೂತು "ವಿವಿಧೋದ್ದೇಶ ನದಿ ಕಣಿವೆ ಯೋಜನೆಯ ಉದ್ದೇಶಗಳು" ಬಾಯಿಪಾಠ ಮಾಡುತ್ತಿದ್ದಳು. ನೀರಾವರಿ, ವಿದ್ಯುತ್, ಪ್ರವಾಹ ನಿಯಂತ್ರಣ. ಅದೂ ನಿಜವೇ, ಕಾಲುವೆ ನೀರಿನಿಂದ ಬದುಕು ಕಟ್ಟಿಕೊಂಡವರು ಎಷ್ಟೋ ಜನ ಇದ್ದಾರೆ. ಆದರೆ ಅವಳು ಆವತ್ತು ಹೇಳಿದ ಮಾತಿಗೆ ಕೊಡೋಕೆ ನನ್ನ ಹತ್ತಿರ ಒಂದು ಅಂಕವೂ ಇರಲಿಲ್ಲ ಸರ್.

ನಮ್ಮ ಪುಸ್ತಕದಲ್ಲಿ ಆರು ಭಾಗ ಇವೆ. ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ. ಆರಕ್ಕೂ ಮೇಷ್ಟ್ರು ಒಬ್ಬರೇ. ನಾನು ಬಿ.ಎ.ಯಲ್ಲಿ ಓದಿದ್ದು ಇತಿಹಾಸ, ಅರ್ಥಶಾಸ್ತ್ರ, ಕನ್ನಡ. ಭೂಗೋಳ, ವ್ಯವಹಾರ ಅಧ್ಯಯನ ಮಕ್ಕಳ ಜೊತೆಗೇ ಕಲಿತೆ. ಪೂರ್ವಸಿದ್ಧತಾ ಪರೀಕ್ಷೆ ಹೊತ್ತಿಗೆ ಪಾಠ ಮುಗಿದಿರಬೇಕು, ಆಮೇಲೆ ವಿಶೇಷ ತರಗತಿ, ಸರಣಿ ಪರೀಕ್ಷೆ, ಫಲಿತಾಂಶ ಕಮ್ಮಿಯಾದರೆ ನೋಟಿಸು. ಈ ಓಟದಲ್ಲಿ ಕಾರಣ ಕೇಳುವ ಮಗುವಿಗೆ "ಅದು ಪರೀಕ್ಷೆಗೆ ಬರಲ್ಲ ಕೂತ್ಕೋ" ಅಂದುಬಿಡುತ್ತೇವೆ. ನಾನೂ ಅಂದಿದ್ದೇನೆ.

ಆ 20 ಅಂಕದ ಕಥೆಯೂ ಹೇಳಬೇಕು. ಪ್ರಾಜೆಕ್ಟ್ ಮಾಡಿ ಅಂತ ಕೊಡುತ್ತೇವೆ. ಮಗು ಜೆರಾಕ್ಸ್ ಅಂಗಡಿಗೆ ಹೋಗುತ್ತದೆ. "ಜನಸಂಖ್ಯೆ ಪ್ರಾಜೆಕ್ಟ್ ಕೊಡಿ ಅಣ್ಣಾ" ಅಂದರೆ ಅವರು ಎಂಟು ಹಾಳೆ ಪ್ರಿಂಟ್ ತೆಗೆದು ಬಣ್ಣದ ರಟ್ಟು ಹಾಕಿ ಕೊಡುತ್ತಾರೆ. ಐವತ್ತು ರೂಪಾಯಿ. ನಾನು ಸಹಿ ಹಾಕಿ 18 ಕೊಡುತ್ತೇನೆ. ಪಕ್ಕದ ಮಗುವಿನ ಪ್ರಾಜೆಕ್ಟೂ ಅದೇ, ಅದಕ್ಕೂ 18. ಕೂಲಿ ಮಾಡುವ ಮನೆಯ ಐವತ್ತು ರೂಪಾಯಿ ಹೋಯಿತು, ಕಲಿತದ್ದು ಏನೂ ಇಲ್ಲ.

ಎರಡು ವರ್ಷದ ಹಿಂದೆ ಇದು ತಡೆಯಲಾಗದೆ ಒಂಬತ್ತನೇ ಕ್ಲಾಸಿನವರನ್ನು ಶನಿವಾರ ಬೆಳಿಗ್ಗೆ ಕೆರೆ ಏರಿಗೆ ಕರೆದುಕೊಂಡು ಹೋದೆ. ಶಾಲೆಯಿಂದ ಹದಿನೈದು ನಿಮಿಷದ ನಡಿಗೆ. ಅಲ್ಲೊಂದು ವೀರಗಲ್ಲು ವಾಲಿಕೊಂಡು ನಿಂತಿದೆ, ಸುತ್ತ ಲಂಟಾನ. ಊರವರು ಅದನ್ನು ಕಲ್ಲಪ್ಪ ಅಂತಾರೆ, ಹಬ್ಬಕ್ಕೆ ಕಾಯಿ ಒಡೆಯುತ್ತಾರೆ. ನಮ್ಮ ಮಕ್ಕಳು ಹುಟ್ಟಿದಾಗಿನಿಂದ ನೋಡಿದ ಕಲ್ಲು. ನೀರು ಹಾಕಿ ಉಜ್ಜಿದೆವು. ಕೆಳಗಿನ ಪಟ್ಟಿಕೆಯಲ್ಲಿ ಕತ್ತಿ ಹಿಡಿದವನು, ಅವನ ಹಿಂದೆ ಸಣ್ಣ ಸಣ್ಣ ಪ್ರಾಣಿ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಿದ್ದಾರೆ. ಮೇಲೆ ಲಿಂಗದ ಮುಂದೆ ಕೂತಿದ್ದಾನೆ. ಮನೆಯಲ್ಲಿ ಹಸು ಸಾಕಿರುವ ಹುಡುಗನೊಬ್ಬ ಮೂತಿ ಹತ್ತಿರ ಇಟ್ಟು ನೋಡಿ ಅಂದ: "ಸರ್, ಇವು ದನ. ಕೊಂಬು ನೋಡಿ. ಇವನು ದನಕ್ಕೋಸ್ಕರ ಸತ್ನಾ?"

ಹೌದು, ತುರು ಬಿಡಿಸೋಕೆ ಹೋಗಿ ಸತ್ತವನ ಕಲ್ಲು ಅದು. ಆಮೇಲೆ ಪ್ರಶ್ನೆ ನಿಲ್ಲಲೇ ಇಲ್ಲ. ದನ ಯಾರು ಕದ್ದರು? ಆಗ ಪೊಲೀಸ್ ಇರಲಿಲ್ವಾ? ಕಲ್ಲು ಕೆತ್ತಿಸೋಕೆ ದುಡ್ಡು ಯಾರು ಕೊಟ್ಟರು? ಅವನ ಹೆಂಡತಿ ಎಲ್ಲಿ? ಪಟ್ಟಿಕೆಗಳ ಮಧ್ಯೆ ಮೊಬೈಲ್ ಟಾರ್ಚನ್ನು ಅಡ್ಡಕ್ಕೆ ಹಿಡಿದಾಗ ಸವೆದ ಅಕ್ಷರ ಎದ್ದವು. ಒಬ್ಬಳಿಗೆ 'ಗ' ಸಿಕ್ಕಿತು, ಇನ್ನೊಬ್ಬನಿಗೆ 'ಶ್ರೀ'. ಅವನು ಕುಣಿದುಬಿಟ್ಟ. ಆಡಳಿತ, ಆಸ್ತಿ, ನಂಬಿಕೆ, ಲಿಪಿ, ನಾನು ಒಂದು ತಿಂಗಳಲ್ಲಿ ಹೇಳುವ ಪಾಠ ಎರಡು ಗಂಟೆಯಲ್ಲಿ ಅವರೇ ಎಳೆದು ತಂದರು. ಸೋಮವಾರ ಮತ್ತೆ ಗೋಡೆಗಳ ನಡುವೆ ಕೂತೆವು, ಯಾಕೆಂದರೆ ಎರಡು ಪಾಠ ಹಿಂದೆ ಬಿದ್ದಿದ್ದೆ.

ಸರ್, ಇದು ನಿಮ್ಮ ಇಲಾಖೆಗೆ ಹೊಸದೇನೂ ಅಲ್ಲ. ಬಿ.ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ಅಧಿಕಾರಿ ಆಗಿದ್ದವರು. ಶಾಲೆ ತಪಾಸಣೆಗೆ ಊರೂರು ತಿರುಗುವಾಗ ಕಂಡ ಕಲ್ಲುಗಳೇ ಅವರನ್ನು ಹಿಡಿದುಕೊಂಡವು. 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳು ಬಂದದ್ದು ಹಾಗೆ, ಸುಮಾರು 9,000 ಶಾಸನ. ನಮ್ಮ ಹಾಸನ ಜಿಲ್ಲೆಯ ಸಂಪುಟ 1902ರದ್ದು. ಇವತ್ತು ನಮ್ಮ ಮಕ್ಕಳು ಹಲ್ಮಿಡಿ ಶಾಸನ ಕ್ರಿ.ಶ. 450 ಅಂತ ಬರೆದು ಅಂಕ ತಗೊಳ್ಳುತ್ತಾರೆ. ಹಲ್ಮಿಡಿ ನಮ್ಮದೇ ಜಿಲ್ಲೆಯ ಬೇಲೂರು ತಾಲ್ಲೂಕಿನಲ್ಲಿದೆ ಅಂದರೆ ಕಣ್ಣರಳಿಸುತ್ತಾರೆ.

ಇತಿಹಾಸ ಬಿಡಿ, ರಾಜ್ಯಶಾಸ್ತ್ರಕ್ಕೆ ಬನ್ನಿ. ಗ್ರಾಮಸಭೆ ಎಂದರೇನು, 2 ಅಂಕ. ಎಲ್ಲರೂ ಬರೆಯುತ್ತಾರೆ. ನೋಡಿದವರು ಯಾರು ಅಂದರೆ ಒಂದು ಕೈಯೂ ಏಳಲ್ಲ. ಮಕ್ಕಳ ಗ್ರಾಮಸಭೆ ವರ್ಷಾ ವರ್ಷ ಮಾಡುತ್ತೇವೆ. ಚುರುಕಾದ ಇಬ್ಬರಿಗೆ ನಾವೇ ಬರೆದುಕೊಟ್ಟ ಬೇಡಿಕೆ ಓದಿಸುತ್ತೇವೆ, ಫೋಟೋ ತೆಗೆದು ಕಳಿಸುತ್ತೇವೆ. ಆ ಬೇಡಿಕೆ ಏನಾಯಿತು ಅಂತ ಮಕ್ಕಳೇ ಮೂರು ತಿಂಗಳು ಬಿಟ್ಟು ಪಂಚಾಯ್ತಿಗೆ ಹೋಗಿ ಕೇಳಿ ಬರೆದರೆ? ಇನ್ನು ಎರಡು ಮೂರು ವರ್ಷಕ್ಕೆ ಅವರು ಮತ ಹಾಕುವವರು. 1987ರಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿ ಚುನಾವಣೆ ನಡೆಸಿ ದೇಶಕ್ಕೇ ದಾರಿ ತೋರಿಸಿದ ರಾಜ್ಯ ನಮ್ಮದು. ಬೋರ್‌ವೆಲ್ ಕೊರೆಸಿ ಹಳ್ಳಿಗೆ ನೀರು ಕೊಟ್ಟ ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬರನ್ನು ಜನ 'ನೀರ್ ಸಾಬ್' ಅಂತ ಕರೆದರು. ಆ ಪಾಠವನ್ನು ಊರ ಕೈಪಂಪಿನ ಹತ್ತಿರ ನಿಂತು ಮಾಡಬಹುದು ಅಲ್ವಾ?

ಪಠ್ಯಪುಸ್ತಕದ ಜಗಳ ನಾವೂ ನೋಡಿದ್ದೇವೆ. 2017ರಲ್ಲಿ ಪರಿಷ್ಕರಣೆ, 2022ರಲ್ಲಿ ಮತ್ತೆ, 2023ರಲ್ಲಿ ಮತ್ತೆ. ಯಾವ ಪಾಠ ಇರಬೇಕು ಅನ್ನೋದು ದೊಡ್ಡ ವಿಷಯವೇ. ಆದರೆ ಯಾವ ಪಾಠ ಬಂದರೂ ನಮ್ಮ ಮಕ್ಕಳು ಅದನ್ನು ಓದುವ ರೀತಿ ಒಂದೇ. ಅಡಿಗೆರೆ ಹಾಕು, ಬಾಯಿಪಾಠ ಮಾಡು, ಮರೆ.

ಅಂಕ ಕೊಟ್ಟರೆ ಮೇಷ್ಟ್ರುಗಳು ಸುಮ್ನೆ ಹಂಚಿಬಿಡುತ್ತಾರೆ ಅಂತ ನಿಮ್ಮ ಅಧಿಕಾರಿಗಳು ಹೇಳಬಹುದು. ಹೇಳಿದರೆ ತಪ್ಪಲ್ಲ. ಹಾಗಾಗಿ ಆ ಬರಹವನ್ನು ಮಗು ತನ್ನ ಕೈಯಲ್ಲೇ ಬರೆಯಲಿ, ಯಾರನ್ನು ಕೇಳಿದೆ, ಎಲ್ಲಿ ನೋಡಿದೆ ಅಂತ ನಮೂದಿಸಲಿ. 'ಸಮುದಾಯದತ್ತ ಶಾಲೆ' ದಿನ ಊರವರ ಮುಂದೆ ಓದಲಿ. ಊರಿನ ವಿಷಯ ತಪ್ಪು ಬರೆದಿದ್ದರೆ ಊರವರು ಬಿಡಲ್ಲ. 'ಕರ್ನಾಟಕ ದರ್ಶನ' ಪ್ರವಾಸ ಒಳ್ಳೆಯದೇ, ಆದರೆ ಅದಕ್ಕೆ ಹೋಗೋದು ಕೆಲವೇ ಮಕ್ಕಳು. ನನಗೆ ದೂರದ ಬಸ್ಸು ಬೇಡ. ಸೆಮಿಸ್ಟರಿಗೆ ಎರಡು ದಿನ, ಹತ್ತಿರದ ಜಾಗ, ಬೇಕಾದರೆ ಸ್ವಲ್ಪ ಬಸ್ ಚಾರ್ಜು. ಮಕ್ಕಳನ್ನು ಹೊರಗೆ ಕರೆದುಕೊಂಡು ಹೋದ ದಿನವೂ ಪಾಠದ ದಿನವೇ ಅಂತ ಸ್ಪಷ್ಟವಾಗಿ ಆದೇಶದಲ್ಲಿ ಬರೆಯಿರಿ. ಆಗ ಮುಖ್ಯ ಶಿಕ್ಷಕರೂ ಹೆದರಿಕೊಳ್ಳದೆ ಸಹಿ ಹಾಕುತ್ತಾರೆ.

ಮೇ ಕೊನೆಗೆ ಶಾಲೆ ಶುರುವಾಗುವ ಮುಂಚೆ ಆ ಆದೇಶ ಬಂದರೆ ನಾನು ಮೊದಲ ವಾರವೇ ಹೊರಡುತ್ತೇನೆ. ಆಗ ಹೇಮಾವತಿ ಹಿನ್ನೀರು ಇನ್ನೂ ಇಳಿದಿರುತ್ತದೆ. ಆ ಹುಡುಗಿಯ ತಮ್ಮ ಈ ಸಲ ಎಂಟನೇ ಕ್ಲಾಸಿಗೆ ಬರುತ್ತಾನೆ. ಅಜ್ಜಿಯೂ ಜೊತೆಗೆ ಬಂದು ಕಣದ ಜಾಗ ತೋರಿಸುತ್ತೇನೆ ಅಂದಿದ್ದಾರೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಸಮಾಜ ವಿಜ್ಞಾನ ಶಿಕ್ಷಕ
ಹಾಸನ ಜಿಲ್ಲೆ